ಮಾಸಿನ ಮೂರನೇ ತಿಂಗಳು

‘ಆಕ್ಸಿಡೇಟಿವ್ ಒತ್ತಡ’ (ಆಮ್ಲಜನಕದಿಂದ ಹುಟ್ಟುವ ಚುರುಕು ಕಣಗಳು ಜೀವಕೋಶಗಳಿಗೆ ಕೊಡುವ ಪೆಟ್ಟು) ಎಂಬ ಗುಮ್ಮನನ್ನು ತೋರಿಸಿ ಬಸುರಿಯರಿಗೆ ಅದನ್ನು ತಡೆಯುವ ಮಾತ್ರೆಗಳ ಡಬ್ಬಿ ಮಾರುವ ಜಾಹೀರಾತು ಕಂಡರೆ ನನಗೆ ರೇಗುತ್ತದೆ. ಆರೋಗ್ಯವಂತ ಬಸಿರಿನಲ್ಲೂ ಆ ಒತ್ತಡ ಇದ್ದದ್ದೇ. ಮೊದಲ ಕೆಲವು ವಾರ ತಾಯಿಯ ರಕ್ತನಾಳಗಳ ಬಾಯಿಯನ್ನು ಮಾಸಿನ (ಮಗುವನ್ನು ಪೋಷಿಸುವ ಪ್ಲಾಸೆಂಟಾದ) ಜೀವಕೋಶಗಳೇ ಅಡ್ಡಗಟ್ಟಿರುತ್ತವೆ; ಎಳೆಯ ಭ್ರೂಣ ಹೆಚ್ಚು ಆಮ್ಲಜನಕ ತಾಳಲಾರದು. 12ನೇ ವಾರದ ಹೊತ್ತಿಗೆ ಅಡ್ಡಿ ಸಡಿಲಾಗಿ ರಕ್ತ ನುಗ್ಗುತ್ತದೆ, ಮಾಸಿನೊಳಗಿನ ಆಮ್ಲಜನಕ ಸುಮಾರು ಮೂರು ಪಟ್ಟಾಗುತ್ತದೆ. ಆ ಹೊಡೆತಕ್ಕೆ ಮಾಸಿನ ಅಂಚಿನ ಬೇರಿನಂಥ ಎಳೆಗಳು ಸೊರಗಿ ಹೋಗುತ್ತವೆ. ಉಳಿದವು ಕ್ಯಾಟಲೇಸ್‌ನಂಥ ರಕ್ಷಕ ಕಿಣ್ವಗಳನ್ನು ಹೆಚ್ಚಿಸಿಕೊಂಡು ಚೇತರಿಸಿಕೊಳ್ಳುತ್ತವೆ. ಮಾಸಿಗೆ ಆ ದುಂಡು ತಟ್ಟೆಯ ಆಕಾರ ಬರುವುದರಲ್ಲಿ ಈ ಸೊರಗುವಿಕೆಯ ಪಾಲೂ ಇದೆ! (ಅತಿಯಾದರೆ ಅಪಾಯ, ಅದು ಬೇರೆ ಮಾತು. ಆದರೆ ವಿಟಮಿನ್ ಸಿ, ಇ ಮಾತ್ರೆಗಳಿಂದ ಬಸಿರಿನ ನಂಜು (ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ) ತಪ್ಪಲಿಲ್ಲವೆಂದು ದೊಡ್ಡ ಪ್ರಯೋಗಗಳೇ ತೋರಿಸಿವೆ.) ಮೂರು ತಿಂಗಳ ಬಸುರಿ ತಂಗಿಗೆ ಇದನ್ನೆಲ್ಲ ವಿವರಿಸಿದೆ. “ಅಕ್ಕಾ, ಮೊದಲು ಈ ವಾಕರಿಕೆಗೆ ಏನಾದರೂ ಹೇಳು” ಎಂದಳು.