ಅದು ಮದ್ದೂರು ವಡೆ ಅಲ್ಲ

2025 ಅಕ್ಟೋಬರ್ 5, ಭಾನುವಾರ
ರಾತ್ರಿ ಹನ್ನೊಂದೂಕಾಲು

ಚಿನ್ನು ಈಗಷ್ಟೇ ಮಲಗಿದ. ನೀರಲ್ಲಿ ಆಡಿ ಆಡಿ ಕಣ್ಣೆಲ್ಲ ಕೆಂಪಾಗಿದೆ. ದಸರಾ ರಜೆಯಲ್ಲಿ ಎಲ್ಲಿಗೂ ಕರೆದುಕೊಂಡು ಹೋಗಿಲ್ಲ ಅಂತ ಎರಡು ವಾರದಿಂದ ಗೋಳು. ಅದಕ್ಕೇ ಪಾರ್ಕಿಗೆ ಹೋಗಿ, ಅಲ್ಲೇ ರೆಸಾರ್ಟಿನಲ್ಲಿ ಒಂದು ರಾತ್ರಿ ಉಳಿದು ಬಂದೆವು. ಅದೆಲ್ಲ ಚೆನ್ನಾಗಿತ್ತು. ನಿದ್ದೆ ಬಾರದಿರುವುದು ವಡೆಯಿಂದ.

ಮಧ್ಯಾಹ್ನ ಅಲ್ಲಿನ ರೆಸ್ಟೋರೆಂಟಿನಲ್ಲಿ ಮೆನು ಓದುತ್ತಿದ್ದೆ. ಅಪ್ಪ ಕನ್ನಡಕವನ್ನು ರೂಮಿನಲ್ಲೇ ಬಿಟ್ಟು ಬಂದಿದ್ದರು. 'ಮದ್ದೂರು ವಡೆ, ಎರಡಕ್ಕೆ 180 ರೂಪಾಯಿ' ಅಂತ ಓದಿದೆ. ಅಪ್ಪ ನೆಟ್ಟಗೆ ಕೂತರು. "ತರ್ಸವ್ವ, ಮಗೀಗೆ ತೋರ್ಸನ" ಅಂದರು.

ಅಪ್ಪ ಮಂಡ್ಯದಿಂದ ಬೆಂಗಳೂರಿಗೆ ಪಾಸಿನಲ್ಲಿ ಓಡಾಡಿದವರು. ಬೆಳಿಗ್ಗೆ ಒಂದು ರೈಲು, ಸಂಜೆ ಒಂದು ರೈಲು. ಸಂಜೆ ಮದ್ದೂರಲ್ಲಿ ಬುಟ್ಟಿಯವರು ಹತ್ತಿದರೆ ವಾರಕ್ಕೊಮ್ಮೆಯಾದರೂ ಕೊಳ್ಳುತ್ತಿದ್ದರು. ಎಣ್ಣೆ ಹೀರಿದ ಪೇಪರಿನ ಪೊಟ್ಟಣ ಊಟದ ಬ್ಯಾಗಿನ ಮೇಲ್ಗಡೆ ಇರುತ್ತಿತ್ತು. ಬಾಗಿಲಲ್ಲಿ ಅಪ್ಪನ ಚಪ್ಪಲಿಯ ಸದ್ದಿಗಿಂತ ಮೊದಲೇ ನಮಗೆ ಈರುಳ್ಳಿ ವಾಸನೆ ಗೊತ್ತಾಗುತ್ತಿತ್ತು. ಅಕ್ಕ ಅಂಚು ಮುರಿದು ಮೊದಲು ಅದನ್ನೇ ತಿನ್ನುತ್ತಿದ್ದಳು. ನಾನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ.

ವಡೆ ಬರುವ ತನಕ ಅಪ್ಪ ಚಿನ್ನುಗೆ ಕಥೆ ಹೇಳಿದರು. 1917ರಲ್ಲಿ ಮದ್ದೂರು ಸ್ಟೇಷನ್ನಿನಲ್ಲಿ ರಾಮಚಂದ್ರ ಬುಧ್ಯ ಅಂತ ಒಬ್ಬರು ತಿಂಡಿ ಮಾರುತ್ತಿದ್ದರಂತೆ. ಒಂದು ದಿನ ಪಕೋಡ ಕರಿಯುವ ಮೊದಲೇ ರೈಲು ಬಂದುಬಿಟ್ಟಿತಂತೆ. ಜನ ಕಾಯುವುದಿಲ್ಲ, ರೈಲೂ ನಿಲ್ಲುವುದಿಲ್ಲ. ಕಲೆಸಿದ ಹಿಟ್ಟನ್ನೇ ಅಂಗೈಯಲ್ಲಿ ತೆಳ್ಳಗೆ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಚಿನ್ನು ಬಾಯಿ ತೆರೆದುಕೊಂಡು ಕೇಳಿದ. "ರೈಲು ಬೇಗ ಬಂದಿದ್ದಕ್ಕೆ ವಡೆ ಆಯ್ತಾ ತಾತ?" "ಹ್ಞೂಂ ಕನ್ಲಾ, ಹಂಗೇಯಾ."

ಆಮೇಲೆ ತಟ್ಟೆ ಬಂತು.

ದಪ್ಪಗೆ, ಪುಟ್ಟದಾಗಿ, ಸೋಡಾ ಹಾಕಿ ಉಬ್ಬಿಸಿದ ಎರಡು ಉಂಡೆ. ಬೆರಳಲ್ಲಿ ಒತ್ತಿದರೆ ಸ್ಪಂಜಿನ ಹಾಗೆ ಮತ್ತೆ ಏಳುತ್ತಿತ್ತು. ಮುರಿದರೆ ಸದ್ದೇ ಇಲ್ಲ. ಒಳಗೆ ಬರೀ ಬಿಳಿ ಮೈದಾ, ಹುಡುಕಿದರೂ ಒಂದು ಎಳೆ ಈರುಳ್ಳಿ ಸಿಗಲಿಲ್ಲ. ಪಕ್ಕದಲ್ಲಿ ಟೊಮ್ಯಾಟೊ ಸಾಸ್.

ಮದ್ದೂರು ವಡೆಗೆ ಈರುಳ್ಳಿಯೇ ಜೀವ. ಉದ್ದುದ್ದ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಅಕ್ಕಿಹಿಟ್ಟು, ಚಿರೋಟಿ ರವೆ, ಸ್ವಲ್ಪ ಮೈದಾ, ಮೇಲೆ ಕಾದ ಎಣ್ಣೆ. ಅಂಗೈಯಗಲ ತಟ್ಟಿ ಕರಿದರೆ ಅಂಚು ಗರಿಗರಿ, ಈರುಳ್ಳಿ ಇರುವಲ್ಲಿ ಮಾತ್ರ ಒಂಚೂರು ಮೆದು. ಆರಿದರೂ ಚೆನ್ನಾಗಿರುತ್ತದೆ. ರೈಲಿನವರಿಗೆ ಅಂತ ಹುಟ್ಟಿದ ತಿಂಡಿ ಅಲ್ವಾ, ಬಿಸಿಯಾಗೇ ತಿನ್ನಬೇಕು ಅಂತ ಏನಿಲ್ಲ.

ಚಿನ್ನು ಒಂದು ತುತ್ತು ತಿಂದ. ಖಾರ ಅಂತ ಇಷ್ಟು ದಿನ ಅವನು ಮದ್ದೂರು ವಡೆ ಮುಟ್ಟಿದವನೇ ಅಲ್ಲ. "ತಾತ, ಇದೇನಾ?"

ಅಪ್ಪ "ಹ್ಞೂಂ ಮಗ" ಅಂದರು. ಬಡಿಸುವ ಹುಡುಗ ಬಂದಾಗ "ಚೆನ್ನಾಗದೆ ಕನಪ್ಪ" ಅಂದರು. ಎರಡನೆಯದನ್ನೂ ಪೂರ್ತಿ ತಿಂದರು.

ನನಗೆ ತಡೆಯಲಾಗಲಿಲ್ಲ. ಆ ಹುಡುಗನ ಮೇಲೆ ಸಿಟ್ಟಿಲ್ಲ, ಒಡಿಶಾದವನಂತೆ, ಮದ್ದೂರನ್ನು ಅವನು ಎಲ್ಲಿ ನೋಡಿರುತ್ತಾನೆ. ಬಿಲ್ ಕೊಡುವಾಗ ಮೇಲ್ವಿಚಾರಕರಿಗೆ ಹೇಳಿದೆ: ಇದನ್ನು ಬೋಂಡಾ ಅಂತ ಬರೆಯಿರಿ, ಮದ್ದೂರಿನ ಹೆಸರು ಹಾಕಬೇಡಿ. "ಎಲ್ಲರೂ ಇಷ್ಟಪಡ್ತಾರೆ ಮೇಡಂ" ಅಂದರು. ಇಷ್ಟಪಡಲಿ. ಆದರೆ ಒಂದು ಊರಿನ ಹೆಸರು ಬರೆದ ಮೇಲೆ ಆ ಊರಿನ ಹಾಗೆ ಮಾಡಬೇಕು. ಚಿನ್ನುವಿನಂಥ ಮಕ್ಕಳು ಮೊದಲ ಸಲ ತಿನ್ನುವುದು ಅಲ್ಲೇ. ಮದ್ದೂರು ವಡೆ ಅಂದರೆ ಇಷ್ಟೇ ಅಂದುಕೊಂಡು ಎದ್ದು ಹೋಗುತ್ತಾರೆ.

ನಮ್ಮದೂ ತಪ್ಪಿದೆ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ಮಂಡ್ಯಕ್ಕೆ ಹೋಗುವಾಗಲೆಲ್ಲ ಮೇಲಿನಿಂದಲೇ ದಾಟಿಬಿಡುತ್ತೇವೆ. ಉದ್ಘಾಟನೆ ಆದದ್ದೂ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ. ಮೊದಲು ಊರೊಳಗಿನ ರಸ್ತೆಯಲ್ಲಿ ಹೋಗುವಾಗ ಎಳನೀರಿಗೋ ವಡೆಗೋ ನಿಲ್ಲಿಸದೆ ಹೋದದ್ದೇ ನೆನಪಿಲ್ಲ. ಚಿನ್ನು ಪಾಲಿಗೆ ಮದ್ದೂರು ಅಂದರೆ ಒಂದು ಬೋರ್ಡು.

ಕಾರಿನಲ್ಲಿ ಇವರೂ ಚಿನ್ನುವೂ ಏನೋ ಹಾಡು ಹಾಕಿಕೊಂಡಿದ್ದರು. ಹಿಂದೆ ಕೂತ ನಾನು ಅಪ್ಪನನ್ನು ಮೆಲ್ಲಗೆ ಕೇಳಿದೆ.

"ಯಾಕಪ್ಪ ಚೆನ್ನಾಗಿದೆ ಅಂದ್ರಿ? ಮಗು ಅದನ್ನೇ ನಿಜ ಅಂದ್ಕೊಂಡ."

ಅಪ್ಪ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದರು.

"ಮೆತ್ತಗಿತ್ತು ಕನವ್ವ. ಹಲ್ಲಿಗೆ ಸಲೀಸಾಯ್ತು."

ಅಷ್ಟೇ ಹೇಳಿದ್ದು. ನನಗೆ ಯುಗಾದಿಯ ಪೊಟ್ಟಣ ನೆನಪಾಯಿತು. ಅಕ್ಕ ಮಂಡ್ಯದಿಂದ ಬರುವಾಗ ಹಳೇ ರಸ್ತೆ ಹಿಡಿದು ಮದ್ದೂರಲ್ಲಿ ಇಳಿದು ತಂದಿದ್ದಳು. "ಆಮೇಲ್ ತಿಂತೀನಿ ಮಡಗು" ಅಂದಿದ್ದರು. ಮೂರು ದಿನ ಬಿಟ್ಟು ಡಬ್ಬಿ ತೊಳೆಯುವಾಗ ನೋಡಿದರೆ ನಾಲ್ಕರಲ್ಲಿ ನಾಲ್ಕೂ ಹಾಗೇ ಇದ್ದವು. ಒಂದರ ಅಂಚು ಮಾತ್ರ ಚೂರು ಮುರಿದಿತ್ತು. ಅಪ್ಪನಿಗೆ ಹಸಿವಿಲ್ಲವೇನೋ ಅಂದುಕೊಂಡಿದ್ದೆ.

ಚಪಾತಿಯನ್ನು ಸಾರಲ್ಲಿ ನೆನೆಸಿ ತಿನ್ನುವುದು, ಚಕ್ಕುಲಿ ಕೊಟ್ಟರೆ ಚಿನ್ನುಗೆ ದಾಟಿಸುವುದು, ಎಲ್ಲ ನನ್ನ ಕಣ್ಣೆದುರೇ ನಡೆದಿದೆ. ಎರಡು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ.

ನಾಳೆ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಸುಮ್ನೆ ಇರು ಅಂತಾರೆ, ಗೊತ್ತು. ಮಲಗುವ ಮುಂಚೆ ಚಿನ್ನು ಹಟ ಹಿಡಿದಿದ್ದ, ರಜೆ ಮುಗಿಯುವುದರೊಳಗೆ ಆ ರೈಲಲ್ಲೇ ಹೋಗಬೇಕಂತೆ, ತಾತ ಬುಟ್ಟಿಯವರನ್ನು ತೋರಿಸಬೇಕಂತೆ. ಅಪ್ಪ ಆಗಲಿ ಅಂದಿದ್ದಾರೆ. ಅಲ್ಲಿ ಬಿಸಿ ವಡೆ ಕೈಗೆ ಬಂದಾಗ ಅಪ್ಪ ಏನು ಮಾಡುತ್ತಾರೋ.