ವೇಪ್ ನಿಷೇಧ ಸರಿಯೇ, ಆದರೆ ಅರ್ಧ ಕೆಲಸ ಬಾಕಿ ಇದೆ

ಗಲ್ಫಿನಿಂದ ಬರುವ ಪೆಟ್ಟಿಗೆಯಲ್ಲಿ ಚಾಕಲೇಟು, ಅತ್ತರಿನ ಜೊತೆ ಒಂದೆರಡು ವೇಪ್, ಅಂದರೆ ಬ್ಯಾಟರಿಯಿಂದ ನಡೆಯುವ ಇ-ಸಿಗರೇಟು, ಇದ್ದರೆ ನಮ್ಮ ಕಾಸರಗೋಡಿನಲ್ಲಿ ಯಾರಿಗೂ ಅದು ಕಳ್ಳಮಾಲು ಅನ್ನಿಸುವುದಿಲ್ಲ. ದುಬೈಯಲ್ಲಿ ಅಂಗಡಿಯಲ್ಲೇ ಸಿಗುವ ಸಾಮಾನು. ಆದರೆ ಕರ್ನಾಟಕ ಗಡಿಯ ತಲಪಾಡಿಯ ಆಚೆಗೂ ಈಚೆಗೂ ಇ-ಸಿಗರೇಟು ನಿಷೇಧಿಸಿದ 2019ರ ಕೇಂದ್ರ ಕಾಯ್ದೆ ಒಂದೇ. ತಯಾರಿ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬರೀ ದಾಸ್ತಾನಿಟ್ಟರೂ 6 ತಿಂಗಳವರೆಗೆ ಜೈಲು, ಇಲ್ಲವೇ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸೇದುವವನಿಗೆ ಮಾತ್ರ ಪ್ರತ್ಯೇಕ ಶಿಕ್ಷೆ ಇಟ್ಟಿಲ್ಲ. ಅದು ಹಾಗೇ ಇರಲಿ. ಚಟಕ್ಕೆ ಬಿದ್ದ ಹುಡುಗನಿಗೆ ಬೇಕಾದ್ದು ಚಿಕಿತ್ಸೆ, ಠಾಣೆಯಲ್ಲ.

ನಿಷೇಧ ಯಾಕೆ ಬೇಕು ಎನ್ನುವುದು ಆ ಸಾಮಾನಿನೊಳಗೇ ಇದೆ. ಒಂದು ಲಿಥಿಯಂ ಬ್ಯಾಟರಿ, ಕಾದು ದ್ರವವನ್ನು ಆವಿ ಮಾಡುವ ಒಂದು ತಂತಿ ಸುರುಳಿ (ಕಾಯಿಲ್), ಅದರ ಸುತ್ತ ದ್ರವ ಹೀರಿದ ಹತ್ತಿ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಹಣ್ಣಿನ ಪರಿಮಳ, ನಿಕೋಟಿನ್. ಈಗಿನವುಗಳಲ್ಲಿ ನಿಕೋಟಿನ್‌ಗೆ ಬೆಂಜಾಯಿಕ್ ಆಮ್ಲ ಸೇರಿಸಿ ಸಾಲ್ಟ್ ಮಾಡಿರುತ್ತಾರೆ. ಗಂಟಲು ಅಷ್ಟಾಗಿ ಉರಿಯುವುದಿಲ್ಲ, ಹೊಸಬನಿಗೆ ಕೆಮ್ಮೂ ಕಡಿಮೆ. ಬೀಡಿ ಮೊದಲ ದಮ್ಮಿಗೇ ಕೊಡುವ ಎಚ್ಚರಿಕೆಯನ್ನು ಇದು ಕೊಡುವುದೇ ಇಲ್ಲ. 5% ಎಂದು ಬರೆದ 2 ಮಿಲಿ ದ್ರವದಲ್ಲಿ ಸುಮಾರು 100 ಮಿಲಿಗ್ರಾಂ ನಿಕೋಟಿನ್; ಒಂದು ಸಿಗರೇಟಿನಿಂದ ಮೈಗೆ ಸೇರುವುದು 1ರಿಂದ 1.5 ಮಿಲಿಗ್ರಾಂ. ವೇಪಿನದ್ದು ಪೂರ್ತಿ ಮೈಗೆ ಸೇರುವುದಿಲ್ಲ, ಆದರೂ ಲೆಕ್ಕ ಭಯ ಹುಟ್ಟಿಸುವಂಥದ್ದೇ. ಯುರೋಪಿಯನ್ ಒಕ್ಕೂಟ ಮಾರಾಟಕ್ಕೆ ಬಿಟ್ಟರೂ ಮಿಲಿಗೆ 20 ಮಿಲಿಗ್ರಾಂ ಮಿತಿ ಹಾಕಿದೆ. ಕದ್ದು ಬಂದ ಮಾಲಿಗೆ ಮಿತಿ ಹಾಕುವವರು ಯಾರು? ಹತ್ತಿ ಒಣಗಿದ ಮೇಲೂ ಎಳೆದರೆ ಕಾಯಿಲ್ ಅತಿಯಾಗಿ ಕಾದು ದ್ರವ ಸುಟ್ಟು ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ.

ಮನೆಯಲ್ಲಿ ಸಿಕ್ಕಿದರೆ ಒಡೆಯಬೇಡಿ, ಬೆಂಕಿಗೂ ಹಾಕಬೇಡಿ, ಬ್ಯಾಟರಿ ಸಿಡಿಯುತ್ತದೆ. ದ್ರವ ಸೋರಿ ಕೈಗೆ ತಾಗಿದರೆ ಸೋಪಿನಲ್ಲಿ ತೊಳೆಯಿರಿ. ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಂಡಿದ್ದರೆ ವಾಂತಿಗೆ ಕಾಯದೆ ಆಸ್ಪತ್ರೆಗೆ ಓಡಿ.

ವೇಪ್ ನಿಷೇಧಿಸಿ ಬೀಡಿ, ಸಿಗರೇಟನ್ನು ಪೆಟ್ಟಿಗೆ ಅಂಗಡಿಯಲ್ಲೇ ಬಿಟ್ಟದ್ದು ಅನ್ಯಾಯ ಎನ್ನುವವರ ಮಾತಿನಲ್ಲಿ ಹುರುಳಿದೆ. ಹೊಗೆಯಲ್ಲಿರುವ ಟಾರು ವೇಪಿನಲ್ಲಿಲ್ಲ ಎಂಬುದೂ ನಿಜ. ಆದರೆ ಅದಕ್ಕೆ ಉತ್ತರ ವೇಪನ್ನು ಒಳಗೆ ಬಿಡುವುದಲ್ಲ, ಸೇದುವುದನ್ನು ಬಿಡಬೇಕೆನ್ನುವವನಿಗೆ ಬೇರೆ ದಾರಿ ಕೊಡುವುದು. ಚಟ ಬಿಡಲು ಜಗಿಯುವ ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಂನಲ್ಲಿ ಮೆಡಿಕಲ್ ಶಾಪಿನಲ್ಲಿದೆ. ಎದ್ದ ಅರ್ಧ ಗಂಟೆಯೊಳಗೆ ಸೇದಲೇಬೇಕಾದವರಿಗೆ 4, ಉಳಿದವರಿಗೆ 2. ಮೊದಲ ಆರು ವಾರ ಒಂದೆರಡು ಗಂಟೆಗೊಂದು. ಚೂಯಿಂಗ್ ಗಮ್ಮಿನಂತೆ ಸತತ ಜಗಿದರೆ ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ಓಕರಿಕೆ ಬರುತ್ತದೆ. ಖಾರ ಬರುವವರೆಗೆ ಜಗಿದು ಕೆನ್ನೆಯ ಒಳಗೆ ಒತ್ತಿಡಬೇಕು, ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು. ಚಹಾ, ಕಾಫಿ ಕುಡಿದು ಕಾಲು ಗಂಟೆ ಬಿಟ್ಟು ಹಾಕಿಕೊಳ್ಳಿ. ಗರ್ಭಿಣಿಯರು, ಹೃದ್ರೋಗಿಗಳು, ಹದಿನೆಂಟು ತುಂಬದವರು ಡಾಕ್ಟರನ್ನು ಕೇಳದೆ ತೊಡಗಬಾರದು. ಸರ್ಕಾರ ಇದನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಇಡಬೇಕು, ಬಳಸುವ ಕ್ರಮವನ್ನು ಮಲಯಾಳದ ಜೊತೆ ಕನ್ನಡದಲ್ಲೂ ಅಚ್ಚು ಹಾಕಿಸಬೇಕು. ಅಲ್ಲಿಯವರೆಗೆ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ ಇದೆ, ಕರೆ ಉಚಿತ: 1800-11-2356.