ಹಸಿವೋ, ಬಿಸಿಲೋ

ರಾಯಚೂರು, 2024 ಮೇ 2, ಗುರುವಾರ

ಬೆಳಗ್ಗೆ ಐದೂವರೆಗೇ ಮನೆ ಬಿಟ್ಟೆ. "ಇಷ್ಟು ಲಗೂನ ಎಲ್ಲಿಗೆ ಹೊಂಟೀ ಯವ್ವಾ?" ಅಂತ ಅವ್ವ ಅಡುಗೆಮನೆಯಿಂದಲೇ ಕೂಗಿದಳು. ಬಿಸಿಲೇರೋ ಮೊದಲು ಲ್ಯಾಬಿನಲ್ಲಿ ಕಲ್ಚರ್ ಶುರು ಮಾಡಬೇಕು, ಅಂದರೆ ಬ್ಯಾಕ್ಟೀರಿಯಾ ಬೆಳೆಸಬೇಕು ಅಂದೆ. ಊಟ ತೀರಿದಾಗ ಅದರ ಯಾವ ಜೀನ್‌ಗಳ ಕೆಲಸ ಏರುತ್ತದೆ, ಯಾವುದರದ್ದು ಇಳಿಯುತ್ತದೆ ಅಂತ ನೋಡೋದು ನನ್ನ ಕೆಲಸ.

6:10ಕ್ಕೆ, ರಾತ್ರಿಯಿಡೀ ಬೆಳೆದಿದ್ದ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ 1 ಮಿಲಿ ತೆಗೆದು 100 ಮಿಲಿ ಹೊಸ ಎಲ್‌ಬಿ ಬ್ರಾತ್‌ಗೆ, ಅಂದರೆ ಅದರ ಊಟವಿರುವ ದ್ರವಕ್ಕೆ, ಹಾಕಿದೆ. 6:15ಕ್ಕೆ ಓ.ಡಿ. (ದ್ರವ ಎಷ್ಟು ಮಬ್ಬಾಗಿದೆ, ಅಂದರೆ ಬ್ಯಾಕ್ಟೀರಿಯಾ ಎಷ್ಟು ಬೆಳೆದಿದೆ ಅನ್ನೋ ಅಳತೆ) 0.04. 6:45ಕ್ಕೂ ಅಷ್ಟೇ. ಫ್ಲಾಸ್ಕನ್ನು ಬೆಳಕಿಗೆ ಹಿಡಿದರೆ ತಿಳಿ ಚಹಾದ ಬಣ್ಣ, ಆಚೆ ಕಡೆಯ ಕಿಟಕಿ ಸರಳು ಸ್ಪಷ್ಟವಾಗಿ ಕಾಣುತ್ತಿತ್ತು. ಇದು ಲ್ಯಾಗ್ ಹಂತ, ಬೆಳೆಯೋಕೆ ಶುರು ಮಾಡೋ ಮೊದಲಿನ ತಡ. ಏನೂ ಆಗ್ತಿಲ್ಲ ಅಂತ ಬಹಳ ದಿನ ನಾನೂ ನಂಬಿದ್ದೆ. ಆದರೆ ಸಾಲ್ಮೊನೆಲ್ಲಾ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾವನ್ನು ಹೊಸ ಬ್ರಾತ್‌ಗೆ ಹಾಕಿ ನೋಡಿದವರಿಗೆ ನಾಲ್ಕೇ ನಿಮಿಷದಲ್ಲಿ ನೂರಾರು ಜೀನ್‌ಗಳ ಕೆಲಸ ಏರಿಳಿದಿದ್ದು ಕಂಡಿದೆ. ಇ. ಕೋಲೈಯಲ್ಲಿ ಫಿಸ್ ಅನ್ನೋ ಪ್ರೋಟೀನ್ ಹಸಿದ ಕೋಶದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಊಟ ಸಿಕ್ಕ ಮೇಲೆ, ಮೊದಲ ವಿಭಜನೆಗೂ ಮೊದಲೇ, ಒಂದು ಕೋಶಕ್ಕೆ 50,000 ಅಣುಗಳಿಗೂ ಜಾಸ್ತಿ ಆಗುತ್ತದೆ. ಪ್ರೋಟೀನ್ ತಯಾರಿಸೋ ರೈಬೋಸೋಮ್‌ಗಳನ್ನು ಕಟ್ಟುವ ಕೆಲಸಕ್ಕೆ ಅದು ಕೈ ಜೋಡಿಸುತ್ತದೆ.

ಅವ್ವನಿಗೆ ಇದು ಕೈಲೇ ಗೊತ್ತು. "ನಾಕ್ ದಿನದ ಹುಳಿ ಮಜ್ಜಿಗಿ ಹೆಪ್ಪು ಹಾಕಿದ್ರ ತಡಾ ಆಗ್ತದ, ನಿನ್ನೀದು ಹಾಕಿದ್ರ ಲಗೂನ ಕೂಡ್ತದ" ಅಂತಾಳೆ. ಹೆಪ್ಪಿನ ಬ್ಯಾಕ್ಟೀರಿಯಾ ಬೇರೆ, ಆದರೆ ಮಾತು ಅದೇ ಅಲ್ವಾ. ಹಸಿದು ಎಷ್ಟು ದಿನ ಕೂತಿತ್ತೋ, ಎದ್ದು ನಿಲ್ಲೋಕೆ ಅಷ್ಟು ಹೊತ್ತು ಬೇಕು.

7:10ಕ್ಕೆ 0.08. 7:30ಕ್ಕೆ 0.16. ಇಪ್ಪತ್ತು ನಿಮಿಷಕ್ಕೊಮ್ಮೆ ದುಪ್ಪಟ್ಟು! 7:50ಕ್ಕೆ 0.31 ಬಂದ ತಕ್ಷಣ ಲಾಗ್ ಹಂತದ, ಅಂದರೆ ಹೀಗೆ ದುಪ್ಪಟ್ಟಾಗುತ್ತಾ ಹೋಗೋ ಹಂತದ, ಸ್ಯಾಂಪಲ್ ತೆಗೆದೆ. ಸುಮಾರು ಜನ 0.6ರವರೆಗೆ ಕಾಯುತ್ತಾರೆ. ನನಗದು ಸರಿ ಕಾಣಲ್ಲ. ಎಲ್‌ಬಿಯಲ್ಲಿ ಸಕ್ಕರೆ ತೀರಾ ಕಡಿಮೆ, ಅಮೈನೋ ಆಮ್ಲಗಳನ್ನೇ ಒಂದಾದ ಮೇಲೊಂದು ತಿನ್ನಬೇಕು. 0.3 ದಾಟುತ್ತಿದ್ದಂತೆ ವೇಗ ಇಳಿಯೋಕೆ ಶುರು, ಜೀನ್‌ಗಳೂ ಹೊರಳೋಕೆ ಶುರು. 0.6ರದ್ದು ಆಗಲೇ ಬೇರೆ ಕೋಶ.

ಇಲ್ಲಿ ಕೈ ಚುರುಕಾಗಿರಬೇಕು. ನಾನು ಅಳೆಯೋದು ಎಂ-ಆರ್‌ಎನ್‌ಎಯನ್ನು, ಅಂದರೆ ಕೆಲಸ ಮಾಡ್ತಿರೋ ಜೀನಿನ ನಕಲನ್ನು; ಬ್ಯಾಕ್ಟೀರಿಯಾದಲ್ಲಿ ಅದು ಕೆಲವೇ ನಿಮಿಷ ಬಾಳುತ್ತದೆ. ಫ್ಲಾಸ್ಕ್ ಕೈಲಿ ಹಿಡಿದು ಕಾರಿಡಾರ್‌ನಲ್ಲಿ ಯಾರ ಜೊತೆಗೋ ಮಾತಾಡುತ್ತಾ ನಿಂತರೆ, ಅಳೆಯೋದು ಆ ಮಾತುಕತೆ ಹೊತ್ತಿನ ಜೀನ್‌ಗಳನ್ನು. ಅದಕ್ಕೇ ಆರ್‌ಎನ್‌ಎ ಕಾಪಾಡುವ ದ್ರಾವಣವನ್ನು ಟ್ಯೂಬ್‌ಗಳಲ್ಲಿ ಮೊದಲೇ ತುಂಬಿ, ಫ್ಲಾಸ್ಕನ್ನು ಬೆಚ್ಚಗಿಟ್ಟು ಅಲ್ಲಾಡಿಸೋ ಶೇಕರ್ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಇಷ್ಟು ಹುಷಾರಾಗೋಕೆ ಕಾರಣ ಮಾರ್ಚ್‌ನ ಪೆಟ್ಟು. ಮಾಮೂಲಿ ತಳಿ, ಮ್ಯುಟೆಂಟ್ (ಜೀನ್ ಬದಲಾದ ತಳಿ) ಎರಡರ ಸ್ಯಾಂಪಲ್ಲನ್ನೂ ಗಡಿಯಾರ ನೋಡಿ ಹತ್ತು ಗಂಟೆಗೇ ತೆಗೆದಿದ್ದೆ. ಮ್ಯುಟೆಂಟ್‌ನಲ್ಲಿ ಡಿಪಿಎಸ್ ಜೀನ್ ಬಹಳ ಕಡಿಮೆ ಬಂತು. ಹಸಿದ ಕೋಶದಲ್ಲಿ ಡಿಎನ್‌ಎಯನ್ನು ಸುತ್ತಿ ಕಾಪಾಡೋ ಪ್ರೋಟೀನಿನ ಜೀನ್ ಅದು. ಏನೋ ಸಿಕ್ಕಿತು ಅಂತ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಓ.ಡಿ. ನೋಡಿದರೆ ಮಾಮೂಲಿ ತಳಿಯದ್ದು 1.1, ಮ್ಯುಟೆಂಟ್‌ದು 0.3. ಮ್ಯುಟೆಂಟ್ ನಿಧಾನ ಬೆಳೆದಿತ್ತು, ಇನ್ನೂ ಹಸಿದೇ ಇರಲಿಲ್ಲ, ಅಷ್ಟೇ. ಎರಡು ವಾರದ ಕೆಲಸ ಹೋಯಿತು. ಜೀನ್ ಏರಿತು, ಇಳಿಯಿತು ಅಂತ ಹೇಳುವವರು ಎಷ್ಟು ಓ.ಡಿ.ಯಲ್ಲಿ ಅಂತ ಹೇಳದಿದ್ದರೆ ನಾನೀಗ ಆ ಮಾತನ್ನು ನಂಬೋದೇ ಇಲ್ಲ.

ಇವತ್ತಿನ ಮುಖ್ಯ ಸ್ಯಾಂಪಲ್ ಸ್ಟೇಷನರಿ ಹಂತದ್ದು, ಅಂದರೆ ಊಟ ತೀರಿ ಬೆಳವಣಿಗೆ ನಿಂತಾಗಿನದು, ಮಧ್ಯಾಹ್ನ ಎರಡಕ್ಕೆ. ಊಟ ತೀರುತ್ತಾ ಬಂದಂತೆ ಆರ್‌ಪಿಒಎಸ್ ಎಂಬ ಸಿಗ್ಮಾ ಪ್ರೋಟೀನ್ (ಯಾವ ಜೀನ್ ಓದಬೇಕು ಅಂತ ದಾರಿ ತೋರಿಸೋ ಪ್ರೋಟೀನ್) ಕೋಶದಲ್ಲಿ ಜಮೆಯಾಗುತ್ತದೆ. ಜೀನ್ ಓದಿ ನಕಲು ಮಾಡೋ ಆರ್‌ಎನ್‌ಎ ಪಾಲಿಮರೇಸ್ ಅದರ ಜೊತೆ ಸೇರಿ, ಬೆಳೆಯೋ ಜೀನ್‌ಗಳನ್ನು ಬಿಟ್ಟು ತಡೆದುಕೊಳ್ಳೋ ಜೀನ್‌ಗಳ ಕಡೆ ತಿರುಗುತ್ತದೆ. ಕೋಶ ಚಿಕ್ಕದಾಗುತ್ತದೆ, ಗುಂಡಗಾಗುತ್ತದೆ. ನನಗೆ ನೋಡಬೇಕಾಗಿದ್ದಿದ್ದೇ ಅದು.

ಹನ್ನೆರಡೂವರೆಗೆ ಶೇಕರ್ ನೋಡಿದರೆ 39.2 ಡಿಗ್ರಿ. ನಾನಿಟ್ಟಿದ್ದು 37. ಅದಕ್ಕೆ ಬಿಸಿ ಮಾಡೋಕೆ ಮಾತ್ರ ಬರುತ್ತದೆ, ತಣ್ಣಗೆ ಮಾಡೋಕೆ ಬರಲ್ಲ. ಗೋಡೆ ಮೇಲಿನ ಥರ್ಮಾಮೀಟರ್ 38, ಜೊತೆಗೆ ಮೋಟಾರಿನ ಕಾವು. ಒಂದೂವರೆಗೆ ಕರೆಂಟ್ ಹೋಗಿ ಫ್ಯಾನ್ ನಿಂತವು. ಯುಪಿಎಸ್ ಮೇಲೆ ಶೇಕರ್ ಮಾತ್ರ ತಿರುಗುತ್ತಿತ್ತು. ಎರಡಕ್ಕೆ 41.6.

42ರ ಹತ್ತಿರ ಬಂದರೆ ಇ. ಕೋಲೈ ಇನ್ನೊಂದು ಸಿಗ್ಮಾವನ್ನು ಎಬ್ಬಿಸುತ್ತದೆ, ಸಿಗ್ಮಾ 32. ಕಾವಿಗೆ ಮುದ್ದೆಯಾಗೋ ಪ್ರೋಟೀನ್‌ಗಳನ್ನು ಸರಿಪಡಿಸೋ ಜೀನ್‌ಗಳು ಒಟ್ಟಿಗೆ ಏರುತ್ತವೆ. ಇನ್ನು ಈ ಟ್ಯೂಬ್‌ನಲ್ಲಿ ಹಸಿವು ಯಾವುದು, ರಾಯಚೂರಿನ ಬಿಸಿಲು ಯಾವುದು ಅಂತ ಬಿಡಿಸೋಕೆ ಆಗಲ್ಲ. ಸ್ಯಾಂಪಲ್ ತೆಗೆಯಲಿಲ್ಲ. ಫ್ಲಾಸ್ಕ್ ಆಟೋಕ್ಲೇವ್‌ಗೆ, ಅಂದರೆ ಹಬೆಯಲ್ಲಿ ಬ್ಯಾಕ್ಟೀರಿಯಾ ಸಾಯಿಸೋ ಯಂತ್ರಕ್ಕೆ, ಹೋಯಿತು. ತುಂಬಾ ಬೇಜಾರಾಯಿತು, ಅದರ ಮುಂದೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಸಂಜೆ ಸರ್ ಹತ್ತಿರ ಕೇಳಿದೆ. ನಾಳೆ ರಾತ್ರಿ ಒಂಬತ್ತಕ್ಕೆ ಶುರು ಮಾಡಿದರೆ ಬೆಳಗಿನ ಜಾವ ಐದಕ್ಕೆ ಸ್ಟೇಷನರಿ ಸಿಗುತ್ತದೆ, ಆಗ ರೂಮು 31 ದಾಟಲ್ಲ. ಒಪ್ಪಿದರು. ಜೊತೆಗೆ ಗೆಳತಿಯೂ ಬರುತ್ತಾಳೆ. ವಾಚ್‌ಮನ್ ಕಾಕಾಗೆ ಹೇಳಿದ್ದಾಯಿತು. ಅವ್ವ ಎರಡು ರೊಟ್ಟಿ ಜಾಸ್ತಿ ಬಡಿದು, ಶೇಂಗಾ ಚಟ್ನಿ ಕಟ್ಟಿಕೊಡ್ತೀನಿ ಅಂದಿದ್ದಾಳೆ.